ಪ್ರಾಜೆಕ್ಟ್ ಮಾಡಿಸಿದರೆ ಮಕ್ಕಳು ನಿಜವಾಗಿ ಕಲಿಯುತ್ತಾರಾ?

ಪ್ರಶ್ನೆ: ನಾನು ಏಳನೇ ತರಗತಿಗೆ ವಿಜ್ಞಾನ ಮತ್ತು ಗಣಿತ ಹೇಳಿಕೊಡುತ್ತೇನೆ. ತರಗತಿಯಲ್ಲಿ 42 ಮಕ್ಕಳಿದ್ದಾರೆ. ಈ ವರ್ಷದಿಂದ ಪ್ರಾಜೆಕ್ಟ್ ಆಧಾರಿತ ಕಲಿಕೆಗೆ ಒತ್ತು ಕೊಡಿ ಎಂದು ಶಾಲೆಯಲ್ಲಿ ಹೇಳಿದ್ದಾರೆ. ಹೋದ ವರ್ಷ ಮಾಡಿಸಿದ ಪ್ರಾಜೆಕ್ಟುಗಳನ್ನು ನೆನೆಸಿಕೊಂಡರೆ ಬೇಸರವಾಗುತ್ತದೆ. ಅರ್ಧಕ್ಕರ್ಧ ಅಪ್ಪ ಅಮ್ಮ ಮಾಡಿಕೊಟ್ಟದ್ದು, ಉಳಿದದ್ದು ಇಂಟರ್ನೆಟ್ಟಿನಿಂದ ಇಳಿಸಿದ್ದು. ಗುಂಪು ಮಾಡಿದರೆ ಒಬ್ಬರು ದುಡಿಯುತ್ತಾರೆ, ಮೂವರು ನೋಡುತ್ತಾರೆ. ಇದರ ಜೊತೆಗೆ ಪೋರ್ಷನ್ ಮುಗಿಸಬೇಕು, ಅಂಕ ಕೊಡಬೇಕು. ಇದರಿಂದ ನಿಜಕ್ಕೂ ಲಾಭ ಇದೆಯಾ? ಅಥವಾ ಇದೂ ಬಂದು ಹೋಗುವ ಒಂದು ಫ್ಯಾಷನ್ನಾ?

ಉತ್ತರ: ಲಾಭ ಇದೆ ಮೇಡಂ. ಆದರೆ ಹೋದ ವರ್ಷ ನಿಮ್ಮ ತರಗತಿಯಲ್ಲಿ ನಡೆದದ್ದರಿಂದ ಆ ಲಾಭ ಬರುವುದಿಲ್ಲ. ನಿಮ್ಮ ಬೇಸರ ನ್ಯಾಯವಾದದ್ದೇ.

ಬಹಳ ಶಾಲೆಗಳಲ್ಲಿ ನಡೆಯುವುದು ಹೀಗೆ. ಮೊದಲು ಪಾಠ ಮುಗಿಯುತ್ತದೆ. ಆಮೇಲೆ ಆ ಪಾಠದ ಮೇಲೆ ಒಂದು ಚಾರ್ಟೋ, ಥರ್ಮಾಕೋಲ್ ಮಾದರಿಯೋ ಮಾಡಿಕೊಂಡು ಬನ್ನಿ ಎನ್ನುತ್ತಾರೆ. ಮಗು ಕಲಿಯುವುದು ಏನಾದರೂ ಇದ್ದರೆ ಅದು ಪಾಠದಲ್ಲೇ ಮುಗಿದಿರುತ್ತದೆ. ಮಾದರಿ ಬರೀ ಅಲಂಕಾರ. ಜ್ವಾಲಾಮುಖಿಯ ಮಾದರಿಗೆ ಬಣ್ಣ ಬಳಿಯುವಾಗ ಜ್ವಾಲಾಮುಖಿಯ ಬಗ್ಗೆ ಯೋಚಿಸುವ ಅಗತ್ಯವೇ ಬೀಳುವುದಿಲ್ಲ, ಅಲ್ವಾ? ಮಗು ಯೋಚಿಸುವುದು ಅಂಟಿನ ಬಗ್ಗೆ, ಬಣ್ಣದ ಬಗ್ಗೆ.

ಪ್ರಾಜೆಕ್ಟ್ ಆಧಾರಿತ ಕಲಿಕೆಯಲ್ಲಿ ಈ ಕ್ರಮ ತಿರುಗಬೇಕು. ಮೊದಲು ಒಂದು ಪ್ರಶ್ನೆ ಬರಬೇಕು. ಅದಕ್ಕೆ ಉತ್ತರ ಹುಡುಕಲು ಹೊರಟಾಗ ಮಗುವಿಗೆ ಒಂದು ಕಡೆ ದಾರಿ ಕಾಣದಂತಾಗಬೇಕು. ಆಗ ನೀವು ಪಾಠ ಹೇಳಬೇಕು. ಆ ಪಾಠ ಇಲ್ಲದೆ ಕೆಲಸ ಮುಂದೆ ಹೋಗಬಾರದು. ನನ್ನ ಮಟ್ಟಿಗೆ ಇದರ ಲಾಭವೆಲ್ಲ ಇಲ್ಲೇ ಇದೆ: ಕೊನೆಗೆ ಏನು ತಯಾರಾಯಿತು ಎನ್ನುವುದರಲ್ಲಿ ಅಲ್ಲ, ನಡುವೆ ಯಾವ ಪಾಠ ಅನಿವಾರ್ಯವಾಯಿತು ಎನ್ನುವುದರಲ್ಲಿ.

ಇದನ್ನು ಸುಮ್ನೆ ಮಾತಿನಲ್ಲಿ ಹೇಳಿದರೆ ಸಾಲದು. ನಿಮ್ಮ ಎರಡೂ ವಿಷಯಕ್ಕೆ ಹೊಂದುವ ಒಂದು ಪ್ರಾಜೆಕ್ಟನ್ನು ಮೊದಲಿನಿಂದ ಕೊನೆಯವರೆಗೆ ನೋಡೋಣ.

ಪ್ರಶ್ನೆ ಇದು: "ನಮ್ಮ ಶಾಲೆಯ ಸೋರುವ ನಲ್ಲಿಗಳಿಂದ ವರ್ಷಕ್ಕೆ ಎಷ್ಟು ನೀರು ಹೋಗುತ್ತದೆ? ಮೊದಲು ಯಾವ ನಲ್ಲಿಯನ್ನು ರಿಪೇರಿ ಮಾಡಿಸಬೇಕು?" ಉತ್ತರವನ್ನು ಮುಖ್ಯ ಶಿಕ್ಷಕರಿಗೆ ಪತ್ರದಲ್ಲಿ ಬರೆದು ಕೊಡಬೇಕು.

ಮೊದಲ ಪಿರಿಯಡ್‌ನಲ್ಲಿ ಏನೂ ಅಳೆಯುವುದು ಬೇಡ. ಎಲ್ಲರೂ ತಮ್ಮ ತಮ್ಮ ಅಂದಾಜು ಬರೆಯಲಿ. ಒಬ್ಬರು ಒಂದು ಬಕೆಟ್ ಎನ್ನುತ್ತಾರೆ, ಇನ್ನೊಬ್ಬರು ಒಂದು ಟ್ಯಾಂಕರ್ ಎನ್ನುತ್ತಾರೆ. ಅಂದಾಜುಗಳು ಇಷ್ಟು ದೂರ ದೂರ ಇರುವುದೇ ಒಳ್ಳೆಯದು. ಯಾರ ಮಾತು ಸರಿ ಎಂದು ತಿಳಿಯುವ ಆಸೆ ಅಲ್ಲೇ ಹುಟ್ಟುತ್ತದೆ.

ಎರಡನೇ ದಿನ ಒಂದೊಂದು ಗುಂಪು ಒಂದೊಂದು ನಲ್ಲಿಯ ಮುಂದೆ ನಿಂತು ನಿಮಿಷಕ್ಕೆ ಎಷ್ಟು ಹನಿ ಬೀಳುತ್ತದೆ ಎಂದು ಎಣಿಸುತ್ತದೆ. ಮೊದಲ ಸಲ 48, ಎರಡನೇ ಸಲ 53, ಮೂರನೇ ಸಲ 49. ಯಾವುದನ್ನು ಬರೆದುಕೊಳ್ಳಬೇಕು? ಜಗಳ ಶುರುವಾಗುತ್ತದೆ. ಸರಾಸರಿಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಗಳಿಗೆ ನಿಮಗೆ ಸಿಗುವುದಿಲ್ಲ. ಪುಸ್ತಕದಲ್ಲಿ ಸರಾಸರಿ ಎಂದರೆ ಕೂಡಿಸಿ ಭಾಗಿಸುವುದು. ಇಲ್ಲಿ ಅದು ಜಗಳ ತೀರಿಸುವ ದಾರಿ.

ಸರಿ, ನಿಮಿಷಕ್ಕೆ 50 ಹನಿ ಬಂತು ಎಂದಿಟ್ಟುಕೊಳ್ಳಿ. ದಿನಕ್ಕೆ 72,000 ಹನಿ. ಆದರೆ ಲೀಟರ್ ಎಷ್ಟು? ಇಲ್ಲಿ ದಾರಿ ಕಾಣದಂತಾಗುತ್ತದೆ. ಒಂದು ಹನಿ ಎಂದರೆ ಎಷ್ಟು ನೀರು ಎಂದು ಯಾರಿಗೂ ಗೊತ್ತಿಲ್ಲ. ಒಂದಿಬ್ಬರು ಮನೆಯಲ್ಲಿ ಫೋನ್ ನೋಡಿಕೊಂಡು ಬರುತ್ತಾರೆ. ಮಿಲಿಲೀಟರಿಗೆ 20 ಹನಿ ಎಂದು ಒಬ್ಬರಿಗೆ ಸಿಕ್ಕಿರುತ್ತದೆ. ಅದು ಔಷಧಿ ಹಾಕುವ ಡ್ರಾಪರಿನ ಲೆಕ್ಕ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ ನಲ್ಲಿ ಸೋರಿಕೆಯ ಲೆಕ್ಕಕ್ಕೆ ಒಂದು ಹನಿಯನ್ನು ಕಾಲು ಮಿಲಿಲೀಟರ್ ಎಂದು ಹಿಡಿಯುತ್ತದೆ, ಅಂದರೆ ಮಿಲಿಲೀಟರಿಗೆ ಬರೀ 4 ಹನಿ. ಎರಡೂ ಅಚ್ಚಾದ ಉತ್ತರಗಳೇ. ನಡುವೆ ಐದು ಪಟ್ಟು ವ್ಯತ್ಯಾಸ! ಹನಿಯ ಗಾತ್ರ ಅದು ಜೋತುಬೀಳುವ ಬಾಯಿಯ ಅಗಲದ ಮೇಲೆ ಹೋಗುತ್ತದೆ. ಬಾಯಿ ಅಗಲವಾದಷ್ಟೂ ಹನಿ ದಪ್ಪ. ನೀರಿನ ಮೇಲ್ಮೈ ಎಳೆತದ ಬಗ್ಗೆ, ಅಂದರೆ ನೀರಿನ ಮೇಲ್ಪದರ ಚರ್ಮದ ಹಾಗೆ ಹನಿಯನ್ನು ಹಿಡಿದಿಡುವ ಗುಣದ ಬಗ್ಗೆ, ಎರಡು ಮಾತು ಹೇಳಲು ಇದೇ ಜಾಗ. ಆಮೇಲೆ ಮಕ್ಕಳಿಗೆ ಉಳಿಯುವ ದಾರಿ ಒಂದೇ. ನಲ್ಲಿಯ ಕೆಳಗೆ ಅಳತೆ ಜಾಡಿ ಹಿಡಿದು, 10 ಮಿಲಿಲೀಟರ್ ತುಂಬಲು ಎಷ್ಟು ಹನಿ ಬೇಕು ಎಂದು ತಾವೇ ಎಣಿಸುವುದು.

ಒಂದು ಗುಂಪಿಗೆ 100 ಹನಿ ಬಂತು ಎನ್ನಿ. ಹಾಗಾದರೆ ಒಂದು ಹನಿ 0.1 ಮಿಲಿಲೀಟರ್. ದಿನಕ್ಕೆ 7.2 ಲೀಟರ್. ವರ್ಷಕ್ಕೆ 2,600 ಲೀಟರಿಗೂ ಜಾಸ್ತಿ. ಪಕ್ಕದ ಗುಂಪಿನವರು ಅಳೆಯುವುದನ್ನು ಬಿಟ್ಟು ಫೋನಿನ 20 ಹನಿಯ ಲೆಕ್ಕವನ್ನೇ ಹಿಡಿದರೆ ಅಷ್ಟೇ ವೇಗದ ಸೋರಿಕೆಗೆ 3.6 ಲೀಟರ್ ಎಂದು ಬರುತ್ತದೆ. ಇಬ್ಬರಲ್ಲಿ ಯಾರು ಸರಿ?

ಈಗ ನೀವು ಉತ್ತರ ಹೇಳಬೇಡಿ. ಸಂಜೆ 5 ಗಂಟೆಗೆ ನಲ್ಲಿಯ ಕೆಳಗೆ ಒಂದು ಬಕೆಟ್ ಇಡಿಸಿ. ಮರುದಿನ ಬೆಳಿಗ್ಗೆ 9ಕ್ಕೆ ಅಳೆಯಿಸಿ. 16 ಗಂಟೆಗೆ ಒಂದು ಲೆಕ್ಕದ ಪ್ರಕಾರ 4.8 ಲೀಟರ್ ಇರಬೇಕು, ಇನ್ನೊಂದರ ಪ್ರಕಾರ 2.4. ಬಕೆಟ್ಟೇ ತೀರ್ಪು ಕೊಡುತ್ತದೆ. ಸರಿಯಾದ ಲೆಕ್ಕಕ್ಕೂ ಬಕೆಟ್ಟಿಗೂ ಪೂರ್ತಿ ತಾಳೆ ಆಗುವುದಿಲ್ಲ. ಆಗಬೇಕಾಗಿಯೂ ಇಲ್ಲ. ಟ್ಯಾಂಕ್ ತುಂಬಿದಾಗ ಒತ್ತಡ ಜಾಸ್ತಿ, ಖಾಲಿಯಾಗುತ್ತಾ ಬಂದಾಗ ಕಡಿಮೆ. ಮಧ್ಯೆ ಯಾರೋ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿರಬಹುದು. "ಯಾಕೆ ಸ್ವಲ್ಪ ವ್ಯತ್ಯಾಸ ಬಂತು?" ಎಂದು ಕೇಳಿ ನೋಡಿ. ಅಲ್ಲಿಂದ ಮುಂದೆ ತರಗತಿ ತಾನಾಗಿ ನಡೆಯುತ್ತದೆ.

ಈ ಒಂದು ಪ್ರಾಜೆಕ್ಟಿನಲ್ಲಿ ಎಷ್ಟು ಪಾಠ ಒಳಗೆ ಬಂತು ನೋಡಿ. ಸರಾಸರಿ, ದಶಮಾಂಶ, ಏಕಮಾನ ಪರಿವರ್ತನೆ, ಅನುಪಾತ, ನಲ್ಲಿ ನಲ್ಲಿಯನ್ನು ಹೋಲಿಸಲು ಸ್ತಂಭ ನಕ್ಷೆ, ಅಳತೆಯ ದೋಷ, ಒತ್ತಡ. ಪತ್ರ ಬರೆಯುವಾಗ ಭಾಷೆ. ಇದರಲ್ಲಿ ಯಾವುದನ್ನೂ ನಾವು ಹೊರಗಿನಿಂದ ತಂದು ಅಂಟಿಸಲಿಲ್ಲ. ಒಂದನ್ನು ತೆಗೆದರೂ ಕೆಲಸ ನಿಲ್ಲುತ್ತದೆ. ನೀವು ಯಾವುದೇ ಪ್ರಾಜೆಕ್ಟ್ ಯೋಚಿಸಿದಾಗ ಈ ಪರೀಕ್ಷೆ ಮಾಡಿ ನೋಡಿ: ಪಾಠ ಬಾರದ ಮಗು ಇದನ್ನು ಚೆನ್ನಾಗಿ ಮಾಡಿ ಮುಗಿಸಬಹುದೇ? ಹೌದು ಎಂದಾದರೆ ಆ ಪ್ರಾಜೆಕ್ಟ್ ಬಿಟ್ಟುಬಿಡಿ.

ಇನ್ನು ಲಾಭದ ವಿಷಯ. "ಮಕ್ಕಳು ಖುಷಿಯಾಗಿ ಮಾಡಿದರು" ಎನ್ನುವುದನ್ನು ಎಲ್ಲರೂ ಮೊದಲು ಹೇಳುತ್ತಾರೆ. ನಾನು ಅದನ್ನು ಕೊನೆಗೆ ಇಡುತ್ತೇನೆ. ಆಟದ ಪಿರಿಯಡ್‌ನಲ್ಲೂ ಮಕ್ಕಳು ಖುಷಿಯಾಗಿರುತ್ತಾರೆ, ಹಾಗೆಂದು ಅಲ್ಲಿ ಅನುಪಾತ ಕಲಿಯುವುದಿಲ್ಲ.

ನನಗೆ ದೊಡ್ಡದಾಗಿ ಕಾಣುವ ಲಾಭ, ಕಲಿತದ್ದನ್ನು ಎಲ್ಲಿ ಬಳಸಬೇಕು ಎಂದು ಗೊತ್ತಾಗುವುದು. ಪಠ್ಯಪುಸ್ತಕದ ಅಭ್ಯಾಸದಲ್ಲಿ ಈ ನಿರ್ಧಾರವನ್ನು ಮಗು ಮಾಡುವುದೇ ಇಲ್ಲ. ಅಧ್ಯಾಯದ ಹೆಸರೇ "ಅನುಪಾತ" ಎಂದಿದ್ದ ಮೇಲೆ ಎಲ್ಲ ಲೆಕ್ಕಕ್ಕೂ ಅನುಪಾತವೇ ಉತ್ತರ. ಹೊರಗಿನ ಜಗತ್ತು ಅಧ್ಯಾಯದ ಹೆಸರು ಹಾಕಿಕೊಂಡು ಬರುವುದಿಲ್ಲ. ಹನಿಯನ್ನು ಲೀಟರಿಗೆ ತರಬೇಕಾದಾಗ ಯಾವ ಲೆಕ್ಕ ಹಾಕಬೇಕು ಎಂದು ಮಗುವೇ ಆರಿಸಬೇಕು.

ಇಂಗ್ಲೆಂಡಿನ ಎರಡು ಶಾಲೆಗಳಲ್ಲಿ ಜೋ ಬೋಲರ್ ಎಂಬ ಗಣಿತ ಶಿಕ್ಷಣದ ಸಂಶೋಧಕಿ ಮೂರು ವರ್ಷ ಇದನ್ನೇ ಹತ್ತಿರದಿಂದ ನೋಡಿದರು. ಅಧ್ಯಯನ ಪ್ರಕಟವಾದದ್ದು 1990ರ ದಶಕದ ಕೊನೆಯಲ್ಲಿ. ಒಂದು ಶಾಲೆಯಲ್ಲಿ ಪುಸ್ತಕ, ಬೋರ್ಡು, ಅಭ್ಯಾಸ. ಇನ್ನೊಂದರಲ್ಲಿ ತೆರೆದ ಪ್ರಶ್ನೆಗಳ ಪ್ರಾಜೆಕ್ಟು. ಪುಸ್ತಕದ ಶಾಲೆಯ ಮಕ್ಕಳು ಶ್ರದ್ಧೆಯಿಂದ ಕಲಿಯುತ್ತಿದ್ದರು, ಸೂತ್ರಗಳೂ ಬರುತ್ತಿದ್ದವು. ಆದರೆ ಪ್ರಶ್ನೆಯ ರೂಪ ಸ್ವಲ್ಪ ಬದಲಾದರೆ ಯಾವ ಸೂತ್ರ ಹಾಕಬೇಕು ಎಂದು ತಡಬಡಾಯಿಸುತ್ತಿದ್ದರು. ಪ್ರಾಜೆಕ್ಟ್ ಶಾಲೆಯವರು ಹೊಸ ಸಂದರ್ಭದಲ್ಲಿ ಚೆನ್ನಾಗಿ ಮಾಡಿದರು. ರಾಷ್ಟ್ರೀಯ ಪರೀಕ್ಷೆಯಲ್ಲೂ ಹಿಂದೆ ಬೀಳಲಿಲ್ಲ. ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಪರೀಕ್ಷೆ ಹತ್ತಿರ ಬಂದಾಗ ಆ ಶಾಲೆಯೂ ಪ್ರಾಜೆಕ್ಟ್ ನಿಲ್ಲಿಸಿ ಪರೀಕ್ಷೆಯ ಅಭ್ಯಾಸ ಮಾಡಿಸಿತ್ತು. ಪ್ರಾಜೆಕ್ಟ್ ಮಾಡಿಸಿದವರು ಅಭ್ಯಾಸ ಮಾಡಿಸಬಾರದು ಎಂದು ಎಲ್ಲೂ ಇಲ್ಲ.

ಎರಡನೇ ಲಾಭ, ತಪ್ಪಿಗೆ ಸಿಗುವ ಮರ್ಯಾದೆ. ನೋಟ್‌ಬುಕ್ಕಿನಲ್ಲಿ ಲೆಕ್ಕ ತಪ್ಪಾದರೆ ಕೆಂಪು ಗೀಟು ಬೀಳುತ್ತದೆ, ಅಲ್ಲಿಗೆ ಮುಗಿಯಿತು. ಬಕೆಟ್ ತಪ್ಪು ತೋರಿಸಿದಾಗ ಮಗು ಹಿಂದೆ ಹೋಗಿ ಎಲ್ಲಿ ಎಡವಿದೆ ಎಂದು ಹುಡುಕುತ್ತದೆ. ಯಾಕೆಂದರೆ ಪತ್ರ ಹೋಗಬೇಕು. ತಪ್ಪು ಅಂಕ ಬರೆದು ಕಳಿಸಿದರೆ ಮಾನ ಹೋಗುತ್ತದೆ! ಓದುವವರು ನಿಜವಾಗಿ ಇದ್ದಾಗ ಮಕ್ಕಳ ಬರವಣಿಗೆ ಹೇಗೆ ಬದಲಾಗುತ್ತದೆ ಎನ್ನುವುದನ್ನು ನೀವೇ ನೋಡಿ. ಎರಡನೇ ಸಲ ತಿದ್ದಿ ಬರೆಯಿರಿ ಎಂದರೆ ಗೊಣಗುವ ಮಕ್ಕಳು ಅದೇ ಪತ್ರವನ್ನು ಮೂರು ಸಲ ತಿದ್ದುತ್ತಾರೆ.

ಮೂರನೆಯದು ನಿಮಗೆ ಆಗುವ ಲಾಭ. ಮಕ್ಕಳು ಕೆಲಸ ಮಾಡುವಾಗ ನೀವು ಅವರ ಮಾತು ಕೇಳಿಸಿಕೊಳ್ಳಬಹುದು. ಯಾರಿಗೆ ಏನು ಅರ್ಥವಾಗಿಲ್ಲ ಎನ್ನುವುದು ಪರೀಕ್ಷೆಯ ಪೇಪರಿಗಿಂತ ಮೊದಲೇ ಗೊತ್ತಾಗುತ್ತದೆ. "ಮಿಲಿಲೀಟರನ್ನು ಲೀಟರ್ ಮಾಡಬೇಕಾದರೆ ನೂರರಿಂದ ಭಾಗಿಸಬೇಕು ಕಣೋ" ಎಂದು ಒಬ್ಬರು ಧೈರ್ಯವಾಗಿ ಹೇಳುವುದು, ಉಳಿದ ಮೂವರು ತಲೆಯಾಡಿಸುವುದು ನಿಮ್ಮ ಕಿವಿಗೆ ಬೀಳುತ್ತದೆ. ಬೋರ್ಡಿನ ಮುಂದೆ ನಿಂತಾಗ ಇದು ಸಿಗುವುದಿಲ್ಲ. ಪರೀಕ್ಷೆಯಲ್ಲಿ ಮಿಂಚದ, ಆದರೆ ಸೂಕ್ಷ್ಮವಾಗಿ ಗಮನಿಸುವ ಮಕ್ಕಳೂ ಕಣ್ಣಿಗೆ ಬೀಳುವುದು ಇಲ್ಲೇ.

ಹಾಗಾದರೆ ಸಂಶೋಧನೆಗಳೆಲ್ಲ ಇದರ ಪರವಾಗಿಯೇ ಇವೆಯಾ? ಇಲ್ಲ. ಇದನ್ನು ಮುಚ್ಚಿಡುವವರ ಮಾತನ್ನು ನಂಬಬೇಡಿ.

ಪರವಾಗಿ ಇರುವುದರಲ್ಲಿ ಗಟ್ಟಿಯಾದದ್ದು 2021ರಲ್ಲಿ ಬಂದ ಒಂದು ಅಧ್ಯಯನ. ಅಮೆರಿಕದ ಮಿಷಿಗನ್ ರಾಜ್ಯದ 46 ಶಾಲೆಗಳಲ್ಲಿ ಮೂರನೇ ತರಗತಿಯ ವಿಜ್ಞಾನ. ಚೀಟಿ ಎತ್ತಿದ ಹಾಗೆ ಕೆಲವು ಶಾಲೆಗಳಿಗೆ ಪ್ರಾಜೆಕ್ಟ್ ಪದ್ಧತಿ, ಉಳಿದವಕ್ಕೆ ಎಂದಿನ ಪದ್ಧತಿ. ಪ್ರಾಜೆಕ್ಟ್ ತರಗತಿಗಳ ಮಕ್ಕಳು ವಿಜ್ಞಾನ ಪರೀಕ್ಷೆಯಲ್ಲಿ ಸರಾಸರಿ ನೂರಕ್ಕೆ 8 ಅಂಕದಷ್ಟು ಮುಂದಿದ್ದರು. ಆದರೆ ಅಲ್ಲಿನ ಶಿಕ್ಷಕರಿಗೆ ಸಿದ್ಧ ಪಾಠಯೋಜನೆ, ಸಾಮಗ್ರಿ, ವರ್ಷವಿಡೀ ತರಬೇತಿ ಎಲ್ಲವೂ ಸಿಕ್ಕಿತ್ತು. "ನಾಳೆಯಿಂದ ಪ್ರಾಜೆಕ್ಟ್ ಮಾಡಿಸಿ" ಎಂದು ಸುತ್ತೋಲೆ ಕಳಿಸಿ ಕೈತೊಳೆದುಕೊಂಡಿರಲಿಲ್ಲ.

ಇನ್ನೊಂದು ಕಡೆ ಇಂಗ್ಲೆಂಡಿನಲ್ಲಿ 11-12 ವಯಸ್ಸಿನ ಮಕ್ಕಳ ಮೇಲೆ ನಡೆದ ಪ್ರಯೋಗ. ಶಿಕ್ಷಣದ ಪ್ರಯೋಗಗಳಿಗೆ ಹಣ ಕೊಡುವ ಅಲ್ಲಿನ ಸಂಸ್ಥೆ ಎಜುಕೇಶನ್ ಎಂಡೋಮೆಂಟ್ ಫೌಂಡೇಶನ್ 2016ರಲ್ಲಿ ಅದರ ವರದಿ ಪ್ರಕಟಿಸಿತು. ಓದು ಬರಹದಲ್ಲಿ ಸ್ಪಷ್ಟವಾದ ಲಾಭ ಏನೂ ಕಾಣಲಿಲ್ಲ. ಬಡ ಕುಟುಂಬದ ಮಕ್ಕಳು ಹಿಂದೆ ಬಿದ್ದ ಸೂಚನೆಯೂ ಇತ್ತು. ಪ್ರಾಜೆಕ್ಟ್ ಮಾಡಬೇಕಿದ್ದ ಶಾಲೆಗಳಲ್ಲಿ ಸುಮಾರು ಅರ್ಧ ಶಾಲೆಗಳು ನಡುವೆಯೇ ಕೈಬಿಟ್ಟಿದ್ದವು. ಹಾಗಾಗಿ ಆ ಫಲಿತಾಂಶವನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಆದರೆ ಅಷ್ಟು ಶಾಲೆಗಳು ಕೈಬಿಟ್ಟವು ಎನ್ನುವುದೇ ಒಂದು ಮಾಹಿತಿ ತಾನೇ? ಇದು ಕಷ್ಟದ ಕೆಲಸ. ಬೆಂಬಲ ಇಲ್ಲದಿದ್ದರೆ ಕುಸಿಯುತ್ತದೆ.

ಬಡ ಮಕ್ಕಳು ಯಾಕೆ ಹಿಂದೆ ಬೀಳಬಹುದು? ನನ್ನ ಊಹೆ ಇದು. "ನೀವೇ ಹುಡುಕಿಕೊಳ್ಳಿ" ಎಂದು ತರಗತಿ ಬಿಟ್ಟುಕೊಟ್ಟಾಗ, ಮನೆಯಲ್ಲಿ ಕೇಳಿದರೆ ಹೇಳುವವರು ಇರುವ ಮಗು ಹುಡುಕಿಕೊಳ್ಳುತ್ತದೆ. ಇಲ್ಲದ ಮಗು ಖಾಲಿ ಕೈಯಲ್ಲಿ ನಿಲ್ಲುತ್ತದೆ. ಶಿಕ್ಷಕರು ಹಿಂದೆ ಸರಿದಷ್ಟೂ ಮನೆ ಮನೆಯ ವ್ಯತ್ಯಾಸ ಮುಂದೆ ಬರುತ್ತದೆ.

ಇದಕ್ಕೆ ಹೊಂದುವ ಟೀಕೆಯೊಂದನ್ನು 2006ರಲ್ಲಿ ಕಿರ್ಷ್ನರ್, ಸ್ವೆಲ್ಲರ್, ಕ್ಲಾರ್ಕ್ ಎಂಬ ಮೂವರು ಶಿಕ್ಷಣ ಸಂಶೋಧಕರು ಬರೆದರು. ಹೊಸದಾಗಿ ಕಲಿಯುವವರ ತಲೆಯಲ್ಲಿ ಒಂದೇ ಹೊತ್ತಿಗೆ ಹಿಡಿದಿಟ್ಟುಕೊಳ್ಳಲು ಆಗುವುದು ಕೆಲವೇ ಸಂಗತಿಗಳು. ಏನು ಹುಡುಕಬೇಕು, ಹೇಗೆ ಹುಡುಕಬೇಕು, ಗುಂಪಿನಲ್ಲಿ ಯಾರು ಏನು ಮಾಡಬೇಕು ಎಂಬ ಗೊಂದಲವೇ ಆ ಜಾಗವನ್ನು ತುಂಬಿದರೆ, ಕಲಿಯಬೇಕಾದದ್ದಕ್ಕೆ ಜಾಗ ಉಳಿಯುವುದಿಲ್ಲ. ಮರುವರ್ಷವೇ ಹ್ಮೆಲೊ-ಸಿಲ್ವರ್ ಎಂಬ ಸಂಶೋಧಕಿ ಮತ್ತು ಸಂಗಡಿಗರು ಉತ್ತರ ಕೊಟ್ಟರು. ಒಳ್ಳೆಯ ಪ್ರಾಜೆಕ್ಟಿನಲ್ಲಿ ಮಾರ್ಗದರ್ಶನ ಕಡಿಮೆ ಇರುವುದಿಲ್ಲ, ಹೆಜ್ಜೆ ಹೆಜ್ಜೆಗೂ ಇರುತ್ತದೆ ಎನ್ನುವುದು ಅವರ ವಾದದ ತಿರುಳು. ನನ್ನನ್ನು ಕೇಳಿದರೆ ಇಬ್ಬರ ಮಾತೂ ಸೇರುವುದು ಒಂದೇ ಕಡೆ. ಪ್ರಾಜೆಕ್ಟ್ ಎಂದರೆ ಶಿಕ್ಷಕರು ಸುಮ್ಮನಿರುವುದಲ್ಲ. ನಲ್ಲಿಯ ಪ್ರಾಜೆಕ್ಟಿನಲ್ಲೂ ಸರಾಸರಿ ಹೇಗೆ ತೆಗೆಯಬೇಕು ಎಂದು ನೀವು ಬೋರ್ಡಿನ ಮೇಲೆ ಮಾಡಿ ತೋರಿಸಲೇಬೇಕು. ಎರಡು ಮಾದರಿ ಲೆಕ್ಕ ಬಿಡಿಸಿ, ಎರಡನ್ನು ಅವರಿಂದ ಮಾಡಿಸಿ, ಆಮೇಲೆ ನಲ್ಲಿಯ ಹತ್ತಿರ ಕಳಿಸಿ. ಇದನ್ನು ಮಾಡಿದರೆ "ಹಳೇ ಪದ್ಧತಿ" ಎಂದು ಯಾರಾದರೂ ಹಂಗಿಸಿದರೆ ನಕ್ಕು ಬಿಡಿ.

ಫ್ಯಾಷನ್ನಾ ಎಂದು ಕೇಳಿದ್ದೀರಿ. ಹಾಗಿದ್ದರೆ ತುಂಬ ಹಳೆಯ ಫ್ಯಾಷನ್ನು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ವಿಲಿಯಂ ಕಿಲ್‌ಪ್ಯಾಟ್ರಿಕ್ "ಪ್ರಾಜೆಕ್ಟ್ ವಿಧಾನ"ದ ಬಗ್ಗೆ ತಮ್ಮ ಹೆಸರಾಂತ ಲೇಖನ ಬರೆದದ್ದು 1918ರಲ್ಲಿ. ಅದಕ್ಕೂ ಮೊದಲು, 1896ರಲ್ಲಿ, ಮಾಡಿ ಕಲಿಯಬೇಕು ಎಂದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ ಷಿಕಾಗೋದಲ್ಲಿ ಪ್ರಯೋಗ ಶಾಲೆ ತೆರೆದಿದ್ದರು. ಅದೇ ಡ್ಯೂಯಿ 1938ರಲ್ಲಿ, ಎಲ್ಲ ಅನುಭವವೂ ಕಲಿಸುವುದಿಲ್ಲ, ಕೆಲವು ಅನುಭವ ಕಲಿಕೆಗೆ ಅಡ್ಡ ಬರುತ್ತದೆ ಎಂದು ತಮ್ಮ ಹಿಂಬಾಲಕರಿಗೇ ಎಚ್ಚರಿಕೆ ಕೊಟ್ಟರು. ಥರ್ಮಾಕೋಲ್ ಜ್ವಾಲಾಮುಖಿ ನೋಡಿದ್ದರೆ ಏನೆನ್ನುತ್ತಿದ್ದರೋ!

ಇನ್ನು ಗುಂಪು. ಒಬ್ಬರು ದುಡಿದು ಮೂವರು ನೋಡುವುದು ನಿಮ್ಮ ಮಕ್ಕಳ ದೋಷ ಅಲ್ಲ. ಫ್ರಾನ್ಸಿನ ಮ್ಯಾಕ್ಸ್ ರಿಂಗಲ್‌ಮನ್ ಎಂಬ ಕೃಷಿ ಎಂಜಿನಿಯರ್ ಹಗ್ಗ ಎಳೆಸಿ ಅಳೆದು, 1913ರಲ್ಲಿ ಪ್ರಕಟಿಸಿದ ವಿಷಯ ಇದು: ಜನ ಹೆಚ್ಚಿದಂತೆ ಒಬ್ಬೊಬ್ಬರು ಹಾಕುವ ಬಲ ಕಡಿಮೆಯಾಗುತ್ತದೆ. ಎಳೆದವರು ದೊಡ್ಡವರೇ. ತಾನು ಎಷ್ಟು ಮಾಡಿದೆ ಎಂದು ಯಾರಿಗೂ ತಿಳಿಯುವುದಿಲ್ಲ ಎಂದಾಗ ಎಲ್ಲರೂ ಸಡಿಲವಾಗುತ್ತಾರೆ. ಹಾಗಾಗಿ ಉಪದೇಶದಿಂದ ಇದು ಸರಿಹೋಗುವುದಿಲ್ಲ. ವ್ಯವಸ್ಥೆ ಬದಲಾಗಬೇಕು.

ಗುಂಪು ಚಿಕ್ಕದಿರಲಿ. ನಾಲ್ಕು ಜನ ಗರಿಷ್ಠ, ಮೂರಾದರೆ ಇನ್ನೂ ಒಳ್ಳೆಯದು. 42 ಮಕ್ಕಳಿಗೆ 14 ಗುಂಪು ಆಗುತ್ತದೆ, ಜಾಸ್ತಿ ಅನ್ನಿಸಿದರೆ ಒಂದೊಂದು ನಲ್ಲಿಗೆ ಎರಡು ಗುಂಪು ಹಾಕಿ. ಅದರಿಂದ ಇನ್ನೊಂದು ಅನುಕೂಲ ಇದೆ. ಒಂದೇ ನಲ್ಲಿಗೆ ಎರಡು ಗುಂಪಿನ ಅಳತೆ ಬಂದಾಗ ಹೋಲಿಸಿ ನೋಡಬಹುದು. ಗುಂಪಿನ ವರದಿ ಒಂದೇ ಇದ್ದರೂ ಪ್ರತಿ ಮಗುವಿನ ಹತ್ತಿರ ತನ್ನದೇ ನೋಟ್‌ಬುಕ್ ಇರಲಿ, ಅಂದಂದಿನ ಅಳತೆ ಮತ್ತು ಲೆಕ್ಕ ಅದರಲ್ಲಿ ತನ್ನ ಕೈಬರಹದಲ್ಲೇ ಇರಲಿ. ಪಿರಿಯಡ್ ಮುಗಿಯುವ ಮೊದಲು ಒಂದು ಗುಂಪಿನ ಹತ್ತಿರ ಹೋಗಿ, ನಾಯಕರನ್ನು ಬಿಟ್ಟು ಬೇರೆ ಯಾರನ್ನಾದರೂ ಕೇಳಿ: "ಈ 0.1 ಎಲ್ಲಿಂದ ಬಂತು, ಹೇಳು." ಉತ್ತರ ಬಾರದಿದ್ದರೆ ಬೈಯಬೇಡಿ. "ನಾಳೆ ನಿನ್ನನ್ನೇ ಕೇಳುತ್ತೇನೆ, ಇವರು ನಿನಗೆ ಹೇಳಿಕೊಡಲಿ" ಎಂದು ಮುಂದೆ ಹೋಗಿ. ಎರಡು ದಿನ ಹೀಗೆ ಮಾಡಿದರೆ ಬುದ್ಧಿವಂತ ಮಗುವಿಗೆ ಒಬ್ಬಳೇ ಮಾಡಿ ಮುಗಿಸುವುದರಲ್ಲಿ ಲಾಭ ಇಲ್ಲ ಎಂದು ಗೊತ್ತಾಗುತ್ತದೆ. ಕೆಲಸದ ಪಾತ್ರಗಳನ್ನೂ ದಿನಾ ಬದಲಿಸಿ. ಇಲ್ಲದಿದ್ದರೆ ಅಕ್ಷರ ಚೆನ್ನಾಗಿರುವ ಹುಡುಗಿ ಬರೆಯುತ್ತಲೇ ಇರುತ್ತಾಳೆ, ಹುಡುಗರು ಜಾಡಿ ಹಿಡಿಯುತ್ತಲೇ ಇರುತ್ತಾರೆ.

ಮನೆಗೆ ಏನನ್ನೂ ಕಳಿಸಬೇಡಿ. ಇದು ನನ್ನ ಹಟ ಎಂದೇ ಇಟ್ಟುಕೊಳ್ಳಿ. ಅಳತೆ, ಲೆಕ್ಕ, ಬರವಣಿಗೆ ಎಲ್ಲವೂ ಶಾಲೆಯ ಹೊತ್ತಿನಲ್ಲೇ ಆಗಲಿ. ಮನೆಗೆ ಹೋದ ಪ್ರಾಜೆಕ್ಟ್ ಮನೆಯವರ ಪ್ರಾಜೆಕ್ಟ್ ಆಗುತ್ತದೆ. ಪಾಪ, ಅವರಿಗೂ ರಾತ್ರಿ ನಿದ್ದೆ ಬೇಕು. ಹಣ ಖರ್ಚು ಮಾಡಬಲ್ಲ ಮನೆಯ ಮಾದರಿ ಹೊಳೆಯುತ್ತದೆ, ಉಳಿದ ಮಕ್ಕಳು ತಮ್ಮದನ್ನು ಹಿಂದೆ ಮುಚ್ಚಿಟ್ಟುಕೊಂಡು ನಿಲ್ಲುತ್ತಾರೆ. ಇಂಟರ್ನೆಟ್ಟಿನಿಂದ ಇಳಿಸುವ ಸಮಸ್ಯೆಯೂ ಇದರಿಂದ ಅರ್ಧ ಹೋಗುತ್ತದೆ. ಉಳಿದ ಅರ್ಧ ಪ್ರಶ್ನೆಯಿಂದಲೇ ಹೋಗಬೇಕು. "ಜಲ ಸಂರಕ್ಷಣೆಯ ಮಹತ್ವ" ಎಂದು ಕೊಟ್ಟರೆ ಯಾವ ಚಾಟ್‌ಬಾಟ್ ಕೂಡ ಅರ್ಧ ನಿಮಿಷದಲ್ಲಿ ಬರೆದುಕೊಡುತ್ತದೆ. ನಿಮ್ಮ ಶಾಲೆಯ ಮೂರನೇ ನಲ್ಲಿ ನಿಮಿಷಕ್ಕೆ ಎಷ್ಟು ಹನಿ ಸೋರುತ್ತದೆ ಎಂದು ಯಾವ ಯಂತ್ರಕ್ಕೂ ಗೊತ್ತಿಲ್ಲ. ಹೋಗಿ ಎಣಿಸಲೇಬೇಕು.

ಪೋರ್ಷನ್ ಚಿಂತೆ ಬರುವುದು ಪ್ರಾಜೆಕ್ಟನ್ನು ಪಾಠದ ಮೇಲೆ ಹೇರಿದಾಗ. ಪಾಠವೂ ಆಗಬೇಕು, ಪ್ರಾಜೆಕ್ಟೂ ಆಗಬೇಕು ಎಂದರೆ ಸಮಯ ಸಾಲುವುದೇ ಇಲ್ಲ. ಪ್ರಾಜೆಕ್ಟೇ ಆ ಪಾಠ ಆಗಬೇಕು. ನಲ್ಲಿಯ ಕೆಲಸಕ್ಕೆ ಎಂಟು ಪಿರಿಯಡ್ ಬೇಕಾಗಬಹುದು. ಸರಾಸರಿ, ನಕ್ಷೆ, ಏಕಮಾನ ಪರಿವರ್ತನೆಗೆ ನೀವು ಹೇಗೂ ಎತ್ತಿಟ್ಟ ಪಿರಿಯಡ್‌ಗಳನ್ನೇ ಅದಕ್ಕೆ ಕೊಡಿ. ಎರಡೂ ವಿಷಯ ನಿಮ್ಮ ಕೈಯಲ್ಲೇ ಇರುವುದು ಅದೃಷ್ಟ. ಬೇರೆಯವರ ಹತ್ತಿರ ಪಿರಿಯಡ್ ಸಾಲ ಕೇಳಬೇಕಾಗಿಲ್ಲ. ಹಾಗೆಂದು ಎಲ್ಲದಕ್ಕೂ ಪ್ರಾಜೆಕ್ಟ್ ಹಚ್ಚಬೇಡಿ. ಧಾತುಗಳ ಸಂಕೇತ, ಋಣ ಸಂಖ್ಯೆಗಳ ಕೂಡು ಕಳೆ, ಮಗ್ಗಿ ಇವಕ್ಕೆ ನೇರ ಪಾಠ ಮತ್ತು ಅಭ್ಯಾಸವೇ ಸರಿ. ವರ್ಷಕ್ಕೆ ಎರಡು ಪ್ರಾಜೆಕ್ಟ್ ಚೆನ್ನಾಗಿ ಆದರೆ ಸಾಕು. ತಿಂಗಳಿಗೊಂದು ಮಾಡಿಸಿ ಎಂದು ಮೇಲಿನವರು ಹೇಳಿದರೆ ಅವರು ಇದನ್ನು ಮಾಡಿಸಿ ನೋಡಿಲ್ಲ ಎಂದೇ ಅರ್ಥ.

ಅಂಕ ಕೊಡುವಾಗ ಚಂದಕ್ಕೆ ಕೊಡಬೇಡಿ. ಪತ್ರದ ಸುತ್ತ ಬಣ್ಣದ ಅಂಚು ಬರೆದದ್ದಕ್ಕೆ ಒಂದು ಅಂಕವೂ ಬೇಡ. ಗುಂಪಿನ ಕೆಲಸಕ್ಕೆ ಚಿಕ್ಕ ಪಾಲು, ಪ್ರತಿ ಮಗುವಿನ ನೋಟ್‌ಬುಕ್ಕಿಗೆ ಒಂದು ಪಾಲು, ಕೊನೆಯಲ್ಲಿ ಒಬ್ಬೊಬ್ಬರೇ ಬರೆಯುವ ಒಂದು ಪುಟದ ಪರೀಕ್ಷೆಗೆ ದೊಡ್ಡ ಪಾಲು. ಆ ಪರೀಕ್ಷೆಯಲ್ಲಿ ನಲ್ಲಿಯನ್ನೇ ಕೇಳಬೇಡಿ. "ಒಂದು ಟ್ಯಾಂಕಿನ ತಳದಿಂದ ಹನಿ ಬೀಳುತ್ತಿದೆ, ಮೂರು ಸಲ ಎಣಿಸಿದ ಅಂಕಿ ಇಲ್ಲಿದೆ, ಒಂದು ವಾರಕ್ಕೆ ಎಷ್ಟು ಲೀಟರ್? ನಿನ್ನ ಉತ್ತರವನ್ನು ಎಷ್ಟರ ಮಟ್ಟಿಗೆ ನಂಬಬಹುದು, ಯಾಕೆ?" ಹೀಗೆ ಸಂದರ್ಭ ಬದಲಿಸಿ ಕೇಳಿ. ಕೊನೆಯ ಆ "ಯಾಕೆ"ಗೆ ಬರುವ ಉತ್ತರ ನಿಮಗೆ ಎಲ್ಲವನ್ನೂ ಹೇಳುತ್ತದೆ. ಯಾವುದಕ್ಕೆ ಎಷ್ಟು ಅಂಕ ಎನ್ನುವುದನ್ನು ಮೊದಲ ದಿನವೇ ಬೋರ್ಡಿನ ಮೇಲೆ ಬರೆದುಬಿಡಿ. ಆಮೇಲೆ ವಾದ ಇರುವುದಿಲ್ಲ.

ಶಬ್ದ ಆಗುತ್ತದೆ. ಮೂರನೇ ದಿನದ ಹೊತ್ತಿಗೆ ತರಗತಿ ಕೈತಪ್ಪಿದ ಹಾಗೆ ಅನ್ನಿಸುತ್ತದೆ. ಕೆಲವು ಗುಂಪು ಮುಂದೆ ಓಡಿರುತ್ತದೆ, ಕೆಲವು ಇನ್ನೂ ಹನಿ ಎಣಿಸುತ್ತಿರುತ್ತವೆ. ಅಂಥ ದಿನ ಕೆಲಸ ನಿಲ್ಲಿಸಿ, ಎಲ್ಲರನ್ನೂ ಕೂರಿಸಿ, ಎಲ್ಲ ಗುಂಪುಗಳ ಅಂಕಿಗಳನ್ನು ಒಂದೇ ಪಟ್ಟಿಯಾಗಿ ಬೋರ್ಡಿನ ಮೇಲೆ ಬರೆಯಿರಿ. ಯಾರು ಎಲ್ಲಿದ್ದಾರೆ ಎಂದು ಎಲ್ಲರಿಗೂ ಕಾಣುತ್ತದೆ. ಪಟ್ಟಿಯಲ್ಲಿ ಒಂದು ನಲ್ಲಿಗೆ ದಿನಕ್ಕೆ 700 ಲೀಟರ್ ಎಂದು ಬಂದಿದ್ದರೆ ಅದನ್ನು ಮಕ್ಕಳೇ ಹಿಡಿಯುತ್ತಾರೆ.

ಶುರು ಮಾಡುವ ಮೊದಲು ಒಂದು ಕೆಲಸ ಇದೆ. ಮುಖ್ಯ ಶಿಕ್ಷಕರ ಹತ್ತಿರ ಮುಂಚೆಯೇ ಮಾತಾಡಿ. ಪತ್ರ ಬಂದಾಗ ಅವರು ತರಗತಿಗೆ ಬಂದು ಹತ್ತು ನಿಮಿಷ ಪ್ರಶ್ನೆ ಕೇಳುತ್ತಾರೆ, ಸಾಧ್ಯವಾದರೆ ಒಂದಾದರೂ ನಲ್ಲಿಗೆ ಹೊಸ ವಾಷರ್ ಹಾಕಿಸುತ್ತಾರೆ ಎಂದು ಒಪ್ಪಿಸಿಕೊಳ್ಳಿ. ಒಪ್ಪದಿದ್ದರೆ ಪ್ರಶ್ನೆಯನ್ನೇ ಬದಲಿಸಿ, ಉತ್ತರಕ್ಕೆ ಕಾಯುವವರು ಇರುವ ಬೇರೆ ಪ್ರಶ್ನೆ ಹುಡುಕಿ. ಯಾರೂ ಓದದ ಪತ್ರವನ್ನು ಒಂದು ಸಲ ಬರೆಸಿದರೆ ಮುಂದಿನ ಪ್ರಾಜೆಕ್ಟನ್ನು ಮಕ್ಕಳು ನಂಬುವುದಿಲ್ಲ. ವಾಷರ್ ಬದಲಿಸಿದ ಮರುದಿನ ಆ ನಲ್ಲಿಯ ಹತ್ತಿರ ಮಕ್ಕಳನ್ನು ತಪ್ಪದೆ ಮತ್ತೆ ಕಳಿಸಿ, ಹನಿ ಎಣಿಸಿಕೊಂಡು ಬರಲಿ.